ಅತ್ತೆಯ ಸಮುದ್ರಕ್ಕೆ ಹೊಸ ತೊಟ್ಟಿ

ಮೂಡಿಗೆರೆ ತಾಲ್ಲೂಕಿನಲ್ಲಿ ಸ್ವಂತ ಸಮುದ್ರ ಇಟ್ಟುಕೊಂಡಿದ್ದ ಏಕೈಕ ಹೆಂಗಸು ನನ್ನ ಅತ್ತೆ. ನಗಬೇಡಿ! ಅವರ ಊರು ಜಾವಳಿಯ ಸುತ್ತಮುತ್ತ ಎಸ್ಟೇಟ್ ಇದ್ದವರಿದ್ದರು, ಎರಡೆರಡು ಜೀಪ್ ಇದ್ದವರಿದ್ದರು, ಗೋಡೆಗೆ ಕಾಡೆಮ್ಮೆಯ ಕೊಂಬು ನೇತುಹಾಕಿ ಅದನ್ನು ಹೊಡೆದದ್ದು ತಮ್ಮ ತಾತ ಎಂದು ಸುಳ್ಳು ಹೇಳುವವರೂ ಇದ್ದರು. ಸಮುದ್ರ ಇದ್ದದ್ದು ಮಾತ್ರ ಅತ್ತೆಯ ನಡುಮನೆಯಲ್ಲಿ. ಟೀವಿ ಇರಬೇಕಾದ ಜಾಗದಲ್ಲಿ, ಗಾಜಿನ ತೊಟ್ಟಿಯೊಳಗೆ, ಬುಳುಬುಳು ಎನ್ನುತ್ತ. ಟೀವಿ ಉಗ್ರಾಣಕ್ಕೆ ಗಡೀಪಾರಾಗಿತ್ತು. ಕ್ರಿಕೆಟ್ ನೋಡಬೇಕಾದರೆ ಮಾವ ಮೆಣಸಿನ ಮೂಟೆಯ ಮೇಲೆ ಕೂರಬೇಕಿತ್ತು.

ಇದಕ್ಕಿಂತ ದೊಡ್ಡ ವಿಚಿತ್ರವೆಂದರೆ, ಈ ಸಮುದ್ರದ ಒಡತಿ ಸಮುದ್ರವನ್ನೇ ಕಂಡಿರಲಿಲ್ಲ! ಪ್ರಯತ್ನಗಳೇನೋ ನಡೆದಿದ್ದವು. ಮದುವೆಯಾದ ಹೊಸತರಲ್ಲಿ ಮಾವ ಜೀಪಿನಲ್ಲಿ ಮಂಗಳೂರಿಗೆ ಹೊರಡಿಸಿದರು. ಕೊಟ್ಟಿಗೆಹಾರದಲ್ಲಿ ಹೊಟ್ಟೆ ತುಂಬ ನೀರುದೋಸೆ ತಿಂದು ಚಾರ್ಮಾಡಿ ಘಾಟಿಗೆ ಇಳಿದರೆ, ಎರಡನೆಯ ತಿರುವಿನಲ್ಲೇ ಅತ್ತೆಗೆ ವಾಂತಿ. ಜೀಪು ವಾಪಸ್. ಮುಂದಿನ ವರ್ಷ ಮತ್ತೆ ನೀರುದೋಸೆ, ಮತ್ತೆ ಘಾಟಿ, ಮತ್ತೆ ವಾಪಸ್. ಕೊನೆಗೆ, "ಆ ಸಮುದ್ರಕ್ಕೆ ನಾನು ಬೇಡ, ಬಿಡಿ" ಎಂದು ಅತ್ತೆಯೇ ಕೈಬಿಟ್ಟರು.

ಆಮೇಲೆಷ್ಟೋ ವರ್ಷಕ್ಕೆ ಕುದುರೆಮುಖದ ಗಣಿ ನಿಲ್ಲುತ್ತದೆಂದಾಯಿತು. ಟೌನ್‌ಶಿಪ್ಪಿನ ಜನ ಸೋಫಾ, ಮಂಚ, ಹೂಕುಂಡ ಎಲ್ಲ ಮಾರಿ ಊರು ಬಿಡುತ್ತಿದ್ದರು. ಮಾವನ ಗುರುತಿನ ಎಂಜಿನಿಯರೊಬ್ಬರಲ್ಲಿ ಯಾರಿಗೂ ಬೇಡದ ಒಂದು ವಸ್ತು ಉಳಿಯಿತು: ಉಪ್ಪುನೀರಿನ ತೊಟ್ಟಿ. ಒಳಗೆ ಕಿತ್ತಳೆ ಬಣ್ಣದ ಜೋಡಿಮೀನು, ಒಂದಿಷ್ಟು ಕಲ್ಲು, ಅಂಗೈಯಗಲದ ಜೀವಂತ ಹವಳ. ಮಾವ ಅದನ್ನು ಜೀಪಿಗೇರಿಸಿ ಕಳಸದ ದಾರಿಯಲ್ಲಿ ತಂದು ಅತ್ತೆಯ ಮುಂದಿಟ್ಟರು.

"ನಿನ್ನನ್ನ ಸಮುದ್ರದ ಹತ್ರ ಕರ್ಕೊಂಡು ಹೋಗಕ್ಕೆ ಆಗ್ಲಿಲ್ಲ, ಅದನ್ನೇ ಕರ್ಕೊಂಡು ಬಂದೆ" ಎಂದೆ, ಎನ್ನುತ್ತಾರೆ ಮಾವ. ಅತ್ತೆಯನ್ನು ಕೇಳಿ: "ಎಂಥ ಸುಳ್ಳು! ಇವ್ರು ಹೇಳಿದ್ದು ಇಷ್ಟೇ: ಜಾಗ ಬಿಡೇ, ಸೊಂಟ ಹೋಯ್ತು." ನಾನು ಎರಡನ್ನೂ ಬರೆದಿದ್ದೇನೆ, ಬೇಕಾದ್ದನ್ನು ಆರಿಸಿಕೊಳ್ಳಿ. ನನ್ನ ನೆನಪಿನಲ್ಲಿ ಆ ದಿನ ಮಾವನ ತಲೆಯ ಮೇಲೆ ಕಡಲಪಾಚಿಯೂ ಇದೆ. ಅದನ್ನು ಅಲ್ಲಿ ಇಟ್ಟದ್ದು ಬಹುಶಃ ನಾನೇ.

ಅತ್ತೆ ಹವಳವನ್ನು ಸಾಕಿದ್ದು ಥೇಟ್ ಕಾಫಿ ಗಿಡದಂತೆ. ಬಿಸಿಲು ಜಾಸ್ತಿಯಾದರೆ "ಶೇಡ್ ಸಾಲದು" ಎಂದು ತೊಟ್ಟಿಯ ಮೇಲೆ ಬುಟ್ಟಿ ಮುಚ್ಚುವರು. ಪಕ್ಕದ ಎಸ್ಟೇಟಿನವರೊಬ್ಬರು ಮೀನನ್ನು ಕಣ್ಣಲ್ಲೇ ತೂಗಿ, "ಇದನ್ನ ಹುರಿಯೋದು ಯಾವಾಗ?" ಎಂದರು. "ನಿಮ್ಮ ನಾಯಿನ ಹುರಿದ ಮಾರನೇ ದಿನ" ಎಂದರು ಅತ್ತೆ. ಅವರು ಕಾಫಿಯನ್ನೂ ಕುಡಿಯದೆ ಎದ್ದರು.

ತೊಂದರೆ ಇದ್ದದ್ದು ಕರೆಂಟಿನದು. ಹವಳಕ್ಕೆ ನೀರು ಸದಾ ಅಲುಗುತ್ತಿರಬೇಕು. ನಿಂತರೆ ಉಸಿರು ಕಟ್ಟಿದಂತೆ. ನಮ್ಮ ಕಡೆ ಒಂದು ಗಾಳಿ ಬೀಸಿದರೆ ಕಂಬ ಮಲಗುತ್ತದೆ, ಪಂಪು ನಿಲ್ಲುತ್ತದೆ. ಮಾವ ತಂದ ಯುಪಿಎಸ್ ಕಾಫಿ ಕುಡಿದು ಮುಗಿಸುವಷ್ಟರಲ್ಲಿ ಕೀ ಎಂದು ಕಿರುಚಿ ಸಾಯುತ್ತಿತ್ತು. ಆಗ ಅತ್ತೆ ಏನು ಮಾಡುತ್ತಿದ್ದರು ಗೊತ್ತೇ? ಮಜ್ಜಿಗೆಯ ಕಡಗೋಲು! ಅದನ್ನು ತೊಟ್ಟಿಗಿಳಿಸಿ ಮೆಲ್ಲಗೆ ಕಡೆಯುವುದು. ಹಿಂದೊಮ್ಮೆ ದೇವತೆಗಳೂ ಅಸುರರೂ ಪಾಳಿ ಹಾಕಿಕೊಂಡು ಮಾಡಿದ ಕೆಲಸವನ್ನು ಅತ್ತೆ, ಕೈ ಸೋತರೆ ಮಾವ, ಇಬ್ಬರೇ ನಿಭಾಯಿಸುತ್ತಿದ್ದರು. ಅಮೃತವೇನೂ ಬರಲಿಲ್ಲ. ಹವಳ ಬೆಳೆಯಿತು.

ಬೆಳೆದೂ ಬೆಳೆದೂ ಎರಡೂ ಕಡೆಯ ಗಾಜಿಗೆ ತಾಗಿತು. ತಾಗಿದ ಕಡೆ ಬಿಳಿಚಿಕೊಳ್ಳತೊಡಗಿತು. "ಪ್ಲಾಸ್ಟಿಕ್ ಚೀಲದಲ್ಲಿ ಬೇರು ಸುತ್ಕೊಂಡ ಸಸಿ ಇದು. ಈಗ ಎತ್ತಿ ನೆಡದೇ ಇದ್ರೆ ಸತ್ತೇ ಹೋಗ್ತದೆ" ಎಂದು ಅತ್ತೆ ತೀರ್ಪು ಕೊಟ್ಟರು. ಆಲ್ದೂರಿನ ಗಾಜಿನವನಿಗೆ ದೊಡ್ಡ ತೊಟ್ಟಿಗೆ ಹೇಳಿದ್ದಾಯಿತು. ಅದು ಬಂದಾಗ ಬಾಗಿಲಿಗಿಂತ ದೊಡ್ಡದಿತ್ತು! ಕೈಜೋಡಿಸಲೆಂದು ಬಂದಿದ್ದ ನಾನೂ ಸೇರಿ ಬಾಗಿಲ ಚೌಕಟ್ಟನ್ನೇ ಬಿಚ್ಚಿ ಒಳಗೆ ತಂದೆವು. ಮಾವ ಅಂದರು, "ಈ ತೊಟ್ಟಿ ಇನ್ನು ಹೊರಗೆ ಹೋಗಲ್ಲ. ಹೋದ್ರೆ ನಾವೇ ಹೋಗ್ಬೇಕು."

ವರ್ಗಾವಣೆಯ ದಿನ ಬೆಳಿಗ್ಗೆ, ಮೇ ತಿಂಗಳ ಗಾಳಿಗೆ ಕರೆಂಟ್ ಹೋಗಿತ್ತು. ಮೀನು, ಹವಳ, ಕಲ್ಲುಗಳನ್ನು ಒಂದಿಷ್ಟು ಹಳೆಯ ನೀರಿನ ಸಮೇತ ದೊಡ್ಡ ಪ್ಲಾಸ್ಟಿಕ್ ಟಬ್ಬಿಗೆ ಇಳಿಸಿದೆವು. ಹಳೆಯ ತೊಟ್ಟಿಯಲ್ಲಿ ಉಳಿದ ನೀರನ್ನೂ, ಮಂಗಳೂರಿಂದ ಲಾರಿಯಲ್ಲಿ ಬಂದಿದ್ದ ಹೊಸ ಕಡಲನೀರನ್ನೂ ಒಂದುಗೂಡಿಸಿಡಲು ಮಾವ ಎಲ್ಲಿಂದಲೋ ಒಂದು ಭಾರೀ ಡ್ರಮ್ ಉರುಳಿಸಿ ತಂದು ಪೂರ್ತಿ ತುಂಬಿದ್ದರು. ಅತ್ತೆ ಬಂದು ಬಗ್ಗಿ ನೋಡಿದರು. ಡ್ರಮ್ಮಿನ ಅಂಚಿನಲ್ಲಿ ತೆಳುವಾದ ನೀಲಿ ಗೆರೆ.

"ರೀ, ಇದು ಯಾವ ಡ್ರಮ್ಮು?"

"ತೋಟದ್ದು ಕಣೇ. ತೊಳೆದಿದೀನಿ, ಮೂರು ಸಲ."

"ಬೋರ್ಡೋದಾ?"

ಮಾವ ಆಕಾಶ ನೋಡಿದರು. ಬೋರ್ಡೋ ಎಂದರೆ ಮಳೆಗೆ ಮುಂಚೆ ಕೊಳೆರೋಗ ಬಾರದಂತೆ ಗಿಡಗಳಿಗೆ ಹೊಡೆಯುವ ಮೈಲುತುತ್ತದ ದ್ರಾವಣ. ಮೈಲುತುತ್ತ ಎಂದರೆ ತಾಮ್ರ. ನಮ್ಮ ಗಿಡಗಳನ್ನೆಲ್ಲ ಕಾಯುವ ಆ ತಾಮ್ರ ಹವಳಕ್ಕೆ ಮಾತ್ರ ವಿಷ, ಚೂರು ತಾಗಿದರೂ!

"ಗಿಡದ ಥರ ಅಂತ ನೀನೇ ಹೇಳ್ತಿದ್ಯಲ್ಲೇ..." ಎಂದು ಮಾವ ಕ್ಷೀಣವಾಗಿ ಹೇಳಿ ನೋಡಿದರು.

ಅತ್ತೆ ಕಡಗೋಲು ತಂದು ಮಾವನ ಕೈಗಿಟ್ಟು ಟಬ್ಬಿನ ಮುಂದೆ ಕೂರಿಸಿದರು. ಆಮೇಲೆ ನನ್ನತ್ತ ತಿರುಗಿ, "ಜೀಪ್ ತೆಗಿ ಮಾರಾಯ. ನೀರಿಗೆ ಹೋಗಣ" ಎಂದರು.

"ಅತ್ತೆ, ನೀವ್ಯಾಕೆ? ನಾನೊಬ್ನೇ..."

"ನಿಮ್ಮ ಗಂಡಸರ ಕೈಲಿ ಇನ್ನೊಂದು ಡ್ರಮ್ಮು ಕೊಡ್ತೀನಾ ನಾನು?"

ಕೊಟ್ಟಿಗೆಹಾರದಲ್ಲಿ ಅಭ್ಯಾಸಬಲದಿಂದ ಬ್ರೇಕ್ ಒತ್ತಿದೆ. "ನಿಲ್ಲಿಸ್ಬೇಡ!" ಎಂದರು. ಘಾಟಿಯ ಮೊದಲ ತಿರುವು ಕಳೆಯಿತು. ಎರಡನೆಯದು ಬಂತು, ನಾನು ಓರೆಗಣ್ಣಲ್ಲಿ ನೋಡಿದೆ. ಅತ್ತೆ ಹಿಂದೆ ಹೇರಿದ್ದ ಖಾಲಿ ಜೆರಿಕ್ಯಾನುಗಳ ಮುಚ್ಚಳ ತೆಗೆದು ಒಂದೊಂದನ್ನೇ ಮೂಸುತ್ತಿದ್ದರು. ಏನೂ ಆಗಲಿಲ್ಲ! ಉಜಿರೆ ದಾಟಿದ ಮೇಲೆ ನನಗೆ ಹೊಳೆಯಿತು: ಇಷ್ಟು ವರ್ಷ ಅತ್ತೆಗೂ ಸಮುದ್ರಕ್ಕೂ ಅಡ್ಡ ಬಂದದ್ದು ಘಾಟಿಯಲ್ಲ, ನೀರುದೋಸೆ. ಅತ್ತೆ ಇದನ್ನು ಇಂದಿಗೂ ಒಪ್ಪಿಲ್ಲ. "ಪಾಪದ ದೋಸೆ ಮೇಲೆ ತಪ್ಪು ಹೊರಿಸ್ಬೇಡ" ಎನ್ನುತ್ತಾರೆ.

ಮಧ್ಯಾಹ್ನದ ಬಿಸಿಲಲ್ಲಿ, ಮಂಗಳೂರಿನಾಚೆಯ ಮರಳಿನ ಮೇಲೆ, ಅತ್ತೆ ಕೊನೆಗೂ ಸಮುದ್ರದ ಎದುರು ನಿಂತರು. ಬಹಳ ಹೊತ್ತು ನೋಡಿದರು. ಇಲ್ಲಿ ಅತ್ತೆಯ ಕಣ್ಣು ತುಂಬಿತು ಎಂದು ಬರೆಯಲು ನನಗೂ ಆಸೆ. ಅವರು ಅಂದದ್ದು ಇದು:

"ಒಂದು ಮೀನೂ ಕಾಣ್ಸಲ್ವಲ್ಲ ಮಾರಾಯ! ಬರೀ ನೀರು."

ಕ್ಯಾನುಗಳನ್ನು ತುಂಬಿದೆವು. ನಾನು ಕೊನೆಯದನ್ನು ಹೊತ್ತು ತಿರುಗಿದರೆ ಅತ್ತೆ ಇನ್ನೂ ಅಲ್ಲೇ. ಅಲೆ ಬಂದಾಗಲೊಮ್ಮೆ ಅವರ ಬಲಗೈ ತನ್ನಷ್ಟಕ್ಕೆ ಸಣ್ಣಗೆ ಸುತ್ತುತ್ತಿತ್ತು, ಕಡಗೋಲು ಹಿಡಿದ ಹಾಗೆ.

ನಾವು ಮನೆ ಮುಟ್ಟುವಾಗ ದೀಪ ಉರಿಯುತ್ತಿತ್ತು. ಅದರ ಕೆಳಗೆ ಕೂತು ಮಾವ ಕಡೆಯುತ್ತಲೇ ಇದ್ದರು.

"ಮಾವ, ಕರೆಂಟ್ ಬಂದಿದೆಯಲ್ಲ? ಪಂಪ್ ಹಾಕೋದಲ್ವಾ?"

"ಬಂದಿದ್ಯಾ?" ಎಂದು ಮಾವ ತಲೆ ಎತ್ತಿದರು.

ಹೊಸ ತೊಟ್ಟಿ ತುಂಬಿತು. ಮೀನುಗಳು ಒಂದು ಸುತ್ತು ಹೊಡೆದು ಬಾಡಿಗೆ ಒಪ್ಪಿದವು. ಹವಳ ಮಾತ್ರ ಮುದುಡಿ ಕೂತಿತು. ಮರುದಿನವೂ ಅಷ್ಟೇ, ಅದರ ಮರುದಿನವೂ. ಅತ್ತೆ ಮಾವನೊಡನೆ ಮಾತು ಬಿಟ್ಟರು. ಮಾವ ಬಂದು ಬಂದು ಗಾಜಿನೊಳಗೆ ಇಣುಕುವರು, ನಿಟ್ಟುಸಿರಿಟ್ಟು ಮೆಣಸಿನ ಮೂಟೆಗೆ ಮರಳುವರು. ಕ್ರಿಕೆಟ್ ಇರಲಿಲ್ಲ, ಸುಮ್ಮನೆ ಕೂರುವರು.

ನಾನು ಹೊರಡಬೇಕಿದ್ದ ಬೆಳಿಗ್ಗೆ ನಡುಮನೆಯಲ್ಲಿ ಅತ್ತೆಯ ದನಿ: "ರೀ, ಬನ್ನಿ ಇಲ್ಲಿ."

ಹವಳ ಅರಳಿತ್ತು. ಸಾವಿರ ಪುಟ್ಟ ಬೆರಳುಗಳು ನೀರಿನ ಜೊತೆ ತೂಗುತ್ತಿದ್ದವು. ಇಬ್ಬರೂ ಗಾಜಿನ ಮುಂದೆ ಕೂತರು. ಮಾವ ಧೈರ್ಯ ಮಾಡಿದರು.

"ಅಲ್ಲೇ, ಹೇಳ್ಲೇ ಇಲ್ವಲ್ಲ. ಸಮುದ್ರ ಹ್ಯಾಗಿತ್ತು?"

ಅತ್ತೆ ಕಡೆದು ಕಡೆದು ಬೊಬ್ಬೆ ಎದ್ದಿದ್ದ ಮಾವನ ಅಂಗೈಯನ್ನು ಎಳೆದು ತಮ್ಮ ತೊಡೆಯ ಮೇಲಿಟ್ಟುಕೊಂಡರು.

"ದೊಡ್ಡದಿದೆ. ಆದ್ರೆ ಪಾಪ, ನಿಂತುಹೋದ್ರೆ ಕಡೆಯೋಕೆ ಒಬ್ರೂ ಇಲ್ಲ ಅಲ್ಲಿ."