ಕೈಲಾಸ ಕೂರಿಸಿದ ಬ್ರೇಕು

"ಗ್ಯಾರೇಜಿಗೆ ಯಾಕ ಒಯ್ಯಬೇಕು? ಈ ಎರಡು ಕೈ ಬರೇ ಉಂಡು ತೊಳಕೊಳ್ಳಾಕ ಅದಾವೇನು?"

ಭಾನುವಾರ ಬೆಳಗಿನ ಚಹಾ ಮುಗಿಸಿ ಕೈಲಾಸ ಈ ಘೋಷಣೆ ಹೊರಡಿಸಿದ. ಸೋಲಾಪುರದ ಅವನ ಮನೆಯಂಗಳದಲ್ಲಿ ಹಳೆಯ ಕಾರು ನಿಂತಿತ್ತು. ಮುಂದಿನ ಎರಡೂ ಗಾಲಿಗಳನ್ನು ಹಿಡಿದು ನಿಲ್ಲಿಸುವ ಬ್ರೇಕ್ ಕ್ಯಾಲಿಪರ್‌ಗಳು ತುಕ್ಕು ಹಿಡಿದಿದ್ದವು. ಹೊಸವು ಡಬ್ಬಿಯಲ್ಲಿ ಬಂದು ಕೂತಿದ್ದವು. ಮಧ್ಯಾಹ್ನ ಕುರನೂರಿನಲ್ಲಿ ಹೆಂಡತಿ ಶೈಲಶ್ರೀಯ ತಂಗಿ ಮಯೂರಿಯ ಮದುವೆ ಗೊತ್ತಾಗಿ ಸಾಖರಪುಡಾ, ಅಂದರೆ ನಿಶ್ಚಿತಾರ್ಥ, ಇತ್ತು. "ನಾನ ರಿಪೇರಿ ಮಾಡಿದ ಕಾರಿನ್ಯಾಗ ಬರ್ತೀನ್ರಿ ಮಾಮಾ" ಎಂದು ಮಾವ ಸಾಯಬಣ್ಣನವರಿಗೆ ಫೋನಿನಲ್ಲಿ ಮಾತು ಕೊಟ್ಟಾಗಿತ್ತು. ಮಾವನವರು ಅದನ್ನು ಹೊಸ ಬೀಗರಿಗೆಲ್ಲ ಸಾರಿಯೂ ಆಗಿತ್ತು!

ಪೂಜೆ ಮಾಡದೆ ನಟ್ಟು ಬಿಚ್ಚುವ ಪಾನಾ ಹಿಡಿಯುವ ಮನೆತನವಲ್ಲ ಅವನದು. ಬಾನೆಟ್ಟಿಗೆ ಎದುರಾಗಿ ನಿಂತು ಕುಂಕುಮ ಹಚ್ಚಿದ, ಆರತಿ ಬೆಳಗಿದ, ಕಾಯಿ ಒಡೆದ. ಶುಭಕಾರ್ಯ ಬಲದಿಂದಲೇ ಶುರುವಾಗಬೇಕಲ್ಲ! ಅಲ್ಲಿಂದಲೇ ತನ್ನ ಬಲಕ್ಕೆ ಸರಿದು, ಬಲಗಡೆಯದೆಂದು ಗುರುತಿದ್ದ ಕ್ಯಾಲಿಪರನ್ನು ಆ ಗಾಲಿಗೆ ಭಕ್ತಿಯಿಂದ ಬಿಗಿದ. ಉಳಿದದ್ದು ಉಳಿದ ಗಾಲಿಗೆ.

ಇನ್ನು ಪೈಪಿನೊಳಗೆ ಹೊಕ್ಕ ಗಾಳಿ ತೆಗೆಯುವ ಕೆಲಸ. ಅದಕ್ಕೆ ಇಬ್ಬರು ಬೇಕು. ಜರಿ ಸೀರೆ ಉಟ್ಟು ಹೊರಟು ನಿಂತಿದ್ದ ಶೈಲಶ್ರೀಯನ್ನು ಸ್ಟಿಯರಿಂಗ್ ಮುಂದೆ ಕೂರಿಸಿದ.

"ತುಳಿ!"

"ತುಳದೀನ್ರಿ."

ಅವನು ಗಾಳಿ ಬಿಡುವ ತಿರುಪು ಸಡಿಲಿಸಿದ. ಎಣ್ಣೆ ಚಿಮ್ಮಿತು. ತಿರುಪು ಬಿಗಿದ.

"ಈಗ ಬಿಡು. ಗಟ್ಟಿ ಆತೇನು?"

"ಎಲ್ಲೀದು! ಹೂರಣ ತುಳದಂಗ ಆಗಾಕತ್ತದ."

ಮತ್ತೆ ತುಳಿತ, ಮತ್ತೆ ಚಿಮ್ಮಿಕೆ. ಬ್ರೇಕ್ ಎಣ್ಣೆ ಪುಣ್ಯನದಿಯಂತೆ ಅಂಗಳಕ್ಕೆ ಹರಿಯಿತು. ಪೆಡಲ್ ಮಾತ್ರ ನೆಲ ಮುಟ್ಟಿ ನಮಸ್ಕರಿಸುವುದನ್ನು ಬಿಡಲಿಲ್ಲ.

"ಇಷ್ಟು ಹೊಲಿಗಿ ಮಷೀನ್ ತುಳದಿದ್ರ ಊರ ಮಂದಿಗೆಲ್ಲ ಜಂಪರ್ ಹೊಲದು ಕೊಡ್ತಿದ್ದೆ!"

"ಸುಮ್ಮನ ತುಳಿ. ಈ ಬಲಗಡಿ ಗಾಲಿದು ಇನ್ನೊಮ್ಮೆ ನೋಡೂಣು."

"ಯಾವ ಬಲಗಡಿ? ನೀವು ನನ್ನ ಎಡಕ್ಕ ಕುಂತೀರಲ್ರಿ!"

"ನನಗ ಇದ ಬಲ."

"ಹೌದೇನ್ರಿ? ಕಾರು ಒಳಗ ಕುಂತು ನಡಸ್ತಾರೋ, ಎದುರಿಗೆ ಆರತಿ ಹಿಡಕೊಂಡು ನಿಂತು ನಡಸ್ತಾರೋ?"

ಕೈಲಾಸನ ಕೈಯ ಪಾನಾ ಜಾರಿತು. ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ ಕೂತುಬಿಟ್ಟಿದ್ದವು. ಮೇಲ್ಗಡೆ ಇರಬೇಕಾದ ತಿರುಪು ಕೆಳಗಡೆ ತಲೆ ಬಾಗಿಸಿತ್ತು. ಗಾಳಿ ಮೇಲೆ ಹಾಯಾಗಿ ಕೂತು ಎಣ್ಣೆಯನ್ನಷ್ಟೇ ಹೊರಗೆ ಕಳಿಸುತ್ತಿತ್ತು!

ಬಿಚ್ಚಿ, ಅದಲುಬದಲು ಮಾಡಿ, ಮತ್ತೆ ಬಿಗಿದ. ಎಣ್ಣೆಯ ಬಾಟಲಿ ಬಗ್ಗಿಸಿದರೆ ಒಂದೇ ಒಂದು ಹನಿ ಬಿತ್ತು. ಅಂಗಡಿಗಳಿಗೆ ರಜೆ. ಬ್ರೇಕಿಲ್ಲದ ಕಾರನ್ನು ಗೇಟು ದಾಟಿಸುವಷ್ಟು ಶೂರ ಅವನಾಗಿರಲಿಲ್ಲ.

ಅಕ್ಕಲಕೋಟೆಯವರೆಗೆ ಬಸ್ಸಿನಲ್ಲಿ ನಿಂತು, ಅಲ್ಲಿಂದ ರಿಕ್ಷಾದಲ್ಲಿ ತುರುಕಿಕೊಂಡು, ಕರಿಗೈಗಳನ್ನು ಬೆನ್ನ ಹಿಂದೆ ಬಚ್ಚಿಟ್ಟು ಕೈಲಾಸ ಶೈಲಶ್ರೀಯೊಂದಿಗೆ ಕುರನೂರಿನ ಮಂಟಪ ಸೇರಿದ. ಬೀಗರ ದಂಡನ್ನೇ ಕರೆದುಕೊಂಡು ಸಾಯಬಣ್ಣ ಎದುರಿಗೆ ಬಂದರು.

"ಬರ್ರಿ ಅಳಿಯಂದಿರ! ಎಲ್ಲಿ ನಿಂದ್ರಿಸೀರಿ ಕಾರು? ಬ್ರೇಕ್ ಹೆಂಗ ಹಿಡೀತಾವ?"

ಶೈಲಶ್ರೀ ಸೆರಗು ಸರಿಮಾಡಿಕೊಂಡು ಮುಂದೆ ಬಂದಳು.

"ಏನ್ ಹೇಳ್ಲಿ ಅಪ್ಪಾ, ಎಂಥಾ ಬ್ರೇಕ್ ಹಾಕ್ಯಾರಂತಿ! ಕಾರು ಅಂಗಳ ಬಿಟ್ಟು ಅಲುಗಾಡಲಿಲ್ಲ ನೋಡು."