ಕ್ರೇನಣ್ಣನ ಭುಜನೋವು

ಕ್ರೇನಣ್ಣನ ಬಲಭುಜದ ನೋವು ಮೊದಲು ಕಾಣಿಸಿಕೊಂಡದ್ದು ಅವನ ಭುಜದಲ್ಲಲ್ಲ, ಅವನ ಹೆಂಡತಿಯ ಬಾಯಲ್ಲಿ. ಬೆಳಿಗ್ಗೆ ಕಾಫಿ ಲೋಟ ಮುಂದಿಡುತ್ತಾ ಅವಳು, "ಭುಜ ನೋವು ಅಂತ ಒಂದು ಮಾತು ಹೇಳಿ ನೋಡಿ, ಹೊರೋ ಕೆಲಸ ತಪ್ಪುತ್ತೆ. ನಿಮ್ಮ ಮೇಸ್ತ್ರಿ ಏನು ಒಳಗೆ ಇಣುಕಿ ನೋಡ್ತಾನಾ?" ಎಂದಳು.

"ನಂಗೆ ಸುಳ್ಳು ಹೇಳೋಕೆ ಬರಲ್ಲ ಕಣೆ."

"ಮದುವೆ ಆದಾಗಿಂದ ನಮ್ಮಮ್ಮನ ಅಡುಗೆ ಚೆನ್ನಾಗಿದೆ ಅಂತಾನೇ ಹೇಳ್ತಿದೀರಲ್ಲ. ಬರುತ್ತೆ, ಹೋಗಿ."

ಅವನು ಬಾಗಿಲಿನಷ್ಟು ಅಗಲದ ಆಳು. ಕಟ್ಟುತ್ತಿದ್ದ ನಾಲ್ಕಂತಸ್ತಿನ ಕಟ್ಟಡಕ್ಕೆ ಇನ್ನೂ ಲಿಫ್ಟ್ ಬಂದಿರಲಿಲ್ಲ. ಗೋಡೆಗೆ ಹೊಡೆಯುವ ಜಿಪ್ಸಮ್ ಶೀಟುಗಳನ್ನು ಉಳಿದವರು ಇಬ್ಬಿಬ್ಬರು ಸೇರಿ ಮೇಲೆ ಸಾಗಿಸಿದರೆ ಇವನು ಒಬ್ಬನೇ ಹೊತ್ತು ಏರುತ್ತಿದ್ದ. ಹಾಗಾಗಿ ಕ್ರೇನಣ್ಣನಾದ. ಅಸಲಿ ಹೆಸರು ಮೇಸ್ತ್ರಿಗೂ ಮರೆತುಹೋಗಿತ್ತು. ಕ್ರೇನಿಗೂ ಸುಸ್ತಾಗುತ್ತದೆ ಎಂಬುದು ಯಾರ ತಲೆಗೂ ಹೊಳೆಯುತ್ತಿರಲಿಲ್ಲ. ಸಂಜೆ ಮಗಳು ಕತೆ ಹೇಳು ಎಂದು ಮಡಿಲಿಗೆ ಬಂದರೆ, "ಒಂದೂರಲ್ಲಿ ಒಬ್ಬ ರಾಜ ಇದ್ದ" ಎನ್ನುವಷ್ಟರಲ್ಲಿ ಅವನ ಗೊರಕೆ ಶುರುವಾಗುತ್ತಿತ್ತು. ಆ ರಾಜನಿಗೆ ಮುಂದೇನಾಯಿತೆಂದು ಮಗುವಿಗೆ ಈವರೆಗೂ ತಿಳಿದಿರಲಿಲ್ಲ. ಈ ಒಂದು ವಿಷಯಕ್ಕೆ ಅವನಿಗೆ ನಿಜಕ್ಕೂ ಸಂಕಟವಾಗುತ್ತಿತ್ತು.

ಸೈಟಿಗೆ ಹೋದವನೇ, ಧೈರ್ಯ ಆರಿಹೋಗುವ ಮುಂಚೆ ಮೇಸ್ತ್ರಿಯ ಎದುರು ನಿಂತು, "ಬಲಭುಜ ನೋಯ್ತಿದೆ ಸಾರ್. ಎತ್ತೋಕಾಗ್ತಿಲ್ಲ," ಎಂದು ಒಂದೇ ಉಸಿರಿಗೆ ಒದರಿದ.

ಮೇಸ್ತ್ರಿ ಅವನನ್ನು ಮೇಲಿಂದ ಕೆಳಗೆ ನೋಡಿದ. ಶೀಟಿನ ಜಾಯಿಂಟಿಗೆ ಪುಟ್ಟಿಯ ಲೇಪ ಬಳಿಯುವ ಆಳು ಬೇರೆ ಕಡೆ ಕೆಲಸ ಹಿಡಿದು ಹೋಗಿ ಆಗಲೇ ತಲೆನೋವಾಗಿತ್ತು, ಈಗ ಭುಜನೋವು ಬೇರೆ. ಸ್ವಲ್ಪ ಯೋಚಿಸಿ, ಮೂಲೆಯಲ್ಲಿದ್ದ ಹೊಸ ರಟ್ಟಿನ ಡಬ್ಬ ತೋರಿಸಿದ.

ಒಳಗಿದ್ದುದು ಉದ್ದ ಹಿಡಿಕೆಯ ತುದಿಗೆ ಸಿಕ್ಕಿಸಿದ ಚಪ್ಪಟೆ ಪೆಟ್ಟಿಗೆ. ಅದರೊಳಗೆ ಪುಟ್ಟಿ ತುಂಬಿ, ಶೀಟಿಗೆ ಶೀಟು ಸೇರುವ ಜಾಯಿಂಟಿನ ಮೇಲಿಟ್ಟು ಎಳೆದರೆ ಸಾಕು. ಒಳಗಿನ ಸ್ಪ್ರಿಂಗುಗಳೇ ಪುಟ್ಟಿಯನ್ನು ಒತ್ತಿ ಹೊರತಳ್ಳಿ ನುಣುಪಾದ ಪಟ್ಟಿ ಬಳಿಯುತ್ತವೆ. ಹಾಗಂತ ಮಾರಿದವನು ಹೇಳಿದ್ದ. ಮುಟ್ಟುವ ಧೈರ್ಯ ಇನ್ನೂ ಯಾರೂ ಮಾಡಿರಲಿಲ್ಲ.

"ಮೇಲಿನ ಹಾಲ್‌ನ ಗೋಡೆಗಳನ್ನ ಪೂರ್ತಿ ಇವತ್ತು ಬಳಿ. ಸಂಜೆ ದೀಪ ಹಿಡಿದು ನೋಡ್ತೀನಿ. ಪಾಸಾದ್ರೆ ಈ ಕೆಲಸ ನಿಂದು. ಇಲ್ಲಾಂದ್ರೆ ನೋವಿರಲಿ, ಬಿಡಲಿ, ನಾಳೆಯಿಂದ ಮತ್ತೆ ಶೀಟು."

ದೀಪ ಎಂದರೆ ಆ ಸೈಟಿನಲ್ಲಿ ದೊಡ್ಡವರೂ ಬೆವರುತ್ತಿದ್ದರು. ಗೋಡೆಗೆ ಒತ್ತಿ ಹಿಡಿದು ಅಡ್ಡಕ್ಕೆ ಬೆಳಕು ಬಿಟ್ಟರೆ ಸಾಸಿವೆಯಷ್ಟು ಉಬ್ಬಿದ್ದರೂ ನೆರಳು ಬಿದ್ದು ಮಾನ ಹೋಗುತ್ತಿತ್ತು. ಆದರೂ ಕ್ರೇನಣ್ಣ ಹಿಗ್ಗಿಹೋದ. ಪೆಟ್ಟಿಗೆಯನ್ನು ಎಳೆಮಗುವಿನಂತೆ ಎತ್ತಿಕೊಂಡು ಮೇಲೆ ನಡೆದ.

ಮೇಲಿನ ಹಾಲ್‌ನಲ್ಲಿ ಮೇಸ್ತ್ರಿಯ ಭಾಮೈದ ಪುಟ್ಟಿಯ ಬಕೆಟ್ಟಿನ ಮೇಲೆ ಕುಳಿತಿದ್ದ. ನಲವತ್ತು ದಾಟಿದ ಕಡ್ಡಿಯಂಥ ಮನುಷ್ಯ. ಪುಟ್ಟಿ ಕಾಯುವುದು ಅವನ ಕೆಲಸ. ಪುಟ್ಟಿಯನ್ನು ಯಾರು ಕದಿಯುತ್ತಾರೆಂದು ಯಾರೂ ಕೇಳಿರಲಿಲ್ಲ. ಅವನು ಮೇಸ್ತ್ರಿಯ ಹೆಂಡತಿಯ ತಮ್ಮ, ಹಾಗಾಗಿ ಕೇಳುವಂತೆಯೂ ಇರಲಿಲ್ಲ.

ಕ್ರೇನಣ್ಣ ಪೆಟ್ಟಿಗೆ ತುಂಬಿಸಿ, ಗೋಡೆಗಿಟ್ಟು, ಎರಡೂ ಕೈಯಿಂದ ಒತ್ತಿ ಎಳೆದ. ಹೊರೆ ಹೊತ್ತು ಪಳಗಿದ ಕೈಗೆ ಒತ್ತದೆ ಇರುವುದು ಗೊತ್ತಿರಲಿಲ್ಲ. ಸ್ಪ್ರಿಂಗಿನ ಬಲ, ಅದರ ಮೇಲೆ ಇವನ ಬಲ. ಪುಟ್ಟಿ ಪಚಕ್ಕನೆ ಎರಡೂ ಬದಿಗೆ ಚಿಮ್ಮಿತು. ಸ್ವಲ್ಪ ಗೋಡೆಗೆ, ಸ್ವಲ್ಪ ಅವನ ಮೀಸೆಗೆ, ಉಳಿದದ್ದೆಲ್ಲ ಆಗಷ್ಟೇ ಒಳಗೆ ಕಾಲಿಟ್ಟ ಪೇಂಟರನ ಅಂಗಿಗೆ.

"ನನಗೆ ಬಣ್ಣ ಹೊಡೀತಿದೀಯಾ?" ಎಂದ ಪೇಂಟರ್. ಗೋಡೆ ಮುಗಿದರೆ ತಾನು ಶುರುಮಾಡಬಹುದೆಂದು ಕಾಯುತ್ತಿದ್ದವನು. ಅಂಗಿ ಒರೆಸಿಕೊಳ್ಳುತ್ತಾ, "ಒತ್ತಬಾರದು ಕಣೋ, ಹಗುರ, ಹಗುರ," ಎಂದ.

ಕ್ರೇನಣ್ಣ ಬಳಿದದ್ದನ್ನು ಕೆರೆದು ಮತ್ತೆ ಎಳೆದ. ಹಗುರ ಎಂದು ಬಾಯಲ್ಲಿ ಹೇಳಿಕೊಂಡಷ್ಟೂ ಕೈ ಬಿಗಿಯಾಯಿತು. ಈ ಸಲ ಪಟ್ಟಿ ಇಲಿ ನುಂಗಿದ ಹಾವಿನಂತೆ ನಡುವೆ ಉಬ್ಬಿ ನಿಂತಿತು. ವೈರು ಎಳೆಯುತ್ತಿದ್ದ ಎಲೆಕ್ಟ್ರಿಷಿಯನ್ ಸ್ಟೂಲಿನಿಂದ ಇಳಿದು ಬಂದು, "ಎಲ್ಲಾ ಸರಿ. ಭುಜ ನೋವು ಅಂದವನು ಎರಡು ಕೈಲೂ ಗೋಡೇನ ಹಿಂದಿನ ಬೀದಿಗೆ ತಳ್ತಿದೀಯಲ್ಲ, ಅದೇನು?" ಎಂದು ಕೇಳಿದ.

ಕ್ರೇನಣ್ಣ ಗೋಡೆಯಿಂದ ಸರಕ್ಕನೆ ಹಿಂದೆ ಸರಿದ. ಮೆಟ್ಟಿಲಲ್ಲಿ ಮೇಸ್ತ್ರಿಯ ಚಪ್ಪಲಿಯ ಸದ್ದು ಬೇರೆ ಕೇಳಿಸಿತು. ತಕ್ಷಣ ಬಲಗೈ ಇಳಿಬಿಟ್ಟು, "ಅಯ್ಯೋ, ಅದಕ್ಕೇ ನೋವು ಜಾಸ್ತಿ ಆಗ್ತಿದೆ," ಎಂದು ಮುಖ ಕಿವುಚಿದ.

ಪೇಂಟರ್ ಬಾಯಿ ಜೋರಾದರೂ ಹೃದಯವಂತ. ಅಂಗಿಯ ಸಿಟ್ಟು ಮರೆತು, "ಕೈ ಅಲ್ಲಾಡಬಾರದು, ನಮ್ಮ ದೊಡ್ಡಪ್ಪನಿಗೂ ಹೀಗೇ ಆಗಿತ್ತು," ಎನ್ನುತ್ತಾ ನೆಲಕ್ಕೆ ಹಾಸುವ ಬಟ್ಟೆ ಹರಿದು, ಬಲಗೈ ಮಡಿಸಿ ಕೊರಳಿಗೆ ಕಟ್ಟಿಯೇಬಿಟ್ಟ. ಗಂಟು ಬಿಚ್ಚಿಕೊಂಡೀತೆಂದು ಎಲೆಕ್ಟ್ರಿಷಿಯನ್ ವೈರು ಬಿಗಿಯುವ ಪ್ಲಾಸ್ಟಿಕ್ ಪಟ್ಟಿಗಳನ್ನು ತಂದು ಮೇಲಿಂದ ಬಿಗಿದ. ಒಮ್ಮೆ ಬಿಗಿದರೆ ಕತ್ತರಿಸದೆ ಬಿಚ್ಚದಂಥವು.

ಮೇಸ್ತ್ರಿ ಬಾಗಿಲಲ್ಲಿ ನಿಂತು ನೋಡಿದ. "ನಿಜವಾಗ್ಲೂ ಜೋರಾಗಿದೆ ಅಂತಾಯ್ತು. ಆದ್ರೆ ಸಂಜೆ ದೀಪ ಮಾತ್ರ ದೀಪಾನೇ," ಎಂದು ಹೇಳಿ ಹೊರಟುಹೋದ.

ಈಗ ಕ್ರೇನಣ್ಣ ಸರಿಯಾಗಿ ಪೇಚಿಗೆ ಬಿದ್ದ. ಬಿಚ್ಚಿದರೆ ಸುಳ್ಳು ಬಯಲು, ಬಿಚ್ಚದಿದ್ದರೆ ಉಳಿದದ್ದು ಎಡಗೈ. ಆ ಎಡಗೈ ಇಷ್ಟು ವರ್ಷ ಬಲಗೈಯ ಹಿಂದೆ ಹಿಂದೆ ಓಡಾಡಿಕೊಂಡಿತ್ತೇ ಹೊರತು ಸ್ವತಂತ್ರವಾಗಿ ಅಂಗಿಯ ಒಂದು ಗುಂಡಿ ಹಾಕಿದ್ದೂ ಇಲ್ಲ. ಬೇರೆ ದಾರಿಯಿಲ್ಲದೆ ಉಬ್ಬಿದ ಪಟ್ಟಿ ಕೆರೆದು, ಎಡಗೈಯಲ್ಲೇ ಹಿಡಿಕೆ ಹಿಡಿದು, ಆದದ್ದಾಗಲಿ ಎಂದು ಎಳೆದ.

ಪಟ್ಟಿ ನೇರವಾಗಿ ಬಂತು. ತೆಳ್ಳಗೆ, ನುಣ್ಣಗೆ, ಅಂಚಿನಿಂದ ಅಂಚಿಗೆ ಒಂದೇ ಸಮ.

ಅವನಿಗೇ ನಂಬಿಕೆ ಬರಲಿಲ್ಲ. ಇನ್ನೊಂದು ಎಳೆದ, ಅದೂ ಹಾಗೇ ಬಂತು. ಎಡಗೈಗೆ ಒತ್ತುವ ತಾಕತ್ತಿಲ್ಲದ್ದರಿಂದ ಸ್ಪ್ರಿಂಗು ತನ್ನ ಪಾಡಿಗೆ ತನ್ನ ಕೆಲಸ ಮಾಡುತ್ತಿತ್ತು. ಪೇಂಟರ್ ಗೋಡೆಗೆ ಕೆನ್ನೆ ತಾಗಿಸಿ ಒಂದು ಕಣ್ಣು ಮುಚ್ಚಿ ನೋಡಿ, "ಇದು ನೀನೇ ಮಾಡಿದ್ದಾ?" ಎಂದ. ಕ್ರೇನಣ್ಣ ಹುಡುಗನಂತೆ ನಾಚಿದ.

ಒಂಟಿ ಕೈಯಲ್ಲಿ ಪೆಟ್ಟಿಗೆಗೆ ಪುಟ್ಟಿ ತುಂಬಿಸಲು ಮಾತ್ರ ಆಗುತ್ತಿರಲಿಲ್ಲ. ಭಾಮೈದನನ್ನು ಕರೆದ. ಅವನು ನಿಟ್ಟುಸಿರು ಬಿಟ್ಟು ಬಕೆಟ್ಟಿನಿಂದೆದ್ದು ತುಂಬಿಸಿಕೊಟ್ಟ. ಮಧ್ಯಾಹ್ನ ಲಾರಿ ಬಂದು ಶೀಟು ಇಳಿಸಿತು. ಉಳಿದವರು ಇಬ್ಬಿಬ್ಬರಾಗಿ ಹೊತ್ತು, ಮೆಟ್ಟಿಲಿಗೊಮ್ಮೆ ಕ್ರೇನಣ್ಣನ ಭುಜವನ್ನು ಶಪಿಸುತ್ತಾ ಮೇಲೇರಿದರು. ಅವನಿಗೆ ಪಾಪ ಎನಿಸಿತು, ಆದರೆ ಹಿತವಾಗಿಯೂ ಇತ್ತು. ಸಂಜೆ ಮನೆಗೆ ಹೋಗಿ ರಾಜನನ್ನು ಬೇಟೆಗೆ ಕಳಿಸುವುದೋ ಯುದ್ಧಕ್ಕೋ ಎಂದು ಯೋಚಿಸತೊಡಗಿದ.

ಕೊನೆಯ ಗೋಡೆ ಬಾಕಿಯಿದ್ದಾಗ ಭಾಮೈದ ತಲೆ ಕೆರೆದುಕೊಂಡು, "ನಾನೂ ಒಂದ್ಸಲ ಎಳೀಲಾ?" ಎಂದು ಕೇಳಿದ. ಕ್ರೇನಣ್ಣ ಆಗ ರಾಜನಷ್ಟೇ ಉದಾರಿಯಾಗಿದ್ದ. "ಎಳಿ, ಅದಕ್ಕೇನು?" ಎಂದು ಹಿಡಿಕೆ ಕೊಟ್ಟ. ಅಷ್ಟು ಹೊತ್ತಿಗೆ ಎಡಭುಜದಲ್ಲಿ ಏನೋ ಚಳುಕು ಶುರುವಾಗಿತ್ತು. ಇರಲಿ, ಸ್ವಲ್ಪ ವಿಶ್ರಾಂತಿಯಾಗುತ್ತದೆ ಎಂದುಕೊಂಡ.

ಪುಟ್ಟಿ ಬೇಗ ಒಣಗುವಂಥದು. ಸಂಜೆಗೆ ಮೇಸ್ತ್ರಿ ದೀಪ ಹಿಡಿದು ಬಂದ. ಕಿಟಕಿಗಳಿಗೆ ತಗಡು ಮುಚ್ಚಿಸಿ, ಗೋಡೆಯುದ್ದಕ್ಕೂ ಬೆಳಕು ಹಾಯಿಸುತ್ತಾ ನಡೆದ. ಪೇಂಟರ್ ಮತ್ತು ಎಲೆಕ್ಟ್ರಿಷಿಯನ್ ತಮ್ಮದೇ ಪರೀಕ್ಷೆಯೆನ್ನುವಂತೆ ಹಿಂದೆಯೇ ಹೊರಟರು. ಒಂದು ಗೋಡೆ ಆಯಿತು, ಇನ್ನೊಂದಾಯಿತು, ಕೊನೆಯದೂ ಆಯಿತು. ನೆರಳು ಬೀಳಲಿಲ್ಲ. ಮೇಸ್ತ್ರಿ ದೀಪ ಇಳಿಸಿ, "ಪರವಾಗಿಲ್ಲ ಕಣೋ. ಒಂದು ಕೈಲಿ, ಅದೂ ಎಡಗೈಲಿ," ಎಂದ.

ಅಲ್ಲಿಗೆ ಸುಮ್ಮನಿದ್ದಿದ್ದರೆ ಈ ಕತೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಜೀವನದಲ್ಲಿ ಮೊದಲ ಬಾರಿಗೆ ಭಾರ ಹೊರದೆ ಹೊಗಳಿಸಿಕೊಂಡವನ ಬಾಯಿಗೆ ಬೀಗ ಎಲ್ಲಿಂದ ಬರಬೇಕು?

"ಇದರಲ್ಲಿ ನಂದೇನಿದೆ ಸಾರ್? ಶಕ್ತೀನೇ ಬೇಡ, ಎಲ್ಲಾ ಸ್ಪ್ರಿಂಗೇ ಮಾಡುತ್ತೆ. ಬೇಕಿದ್ರೆ ನೋಡಿ, ಆ ಕೊನೇ ಗೋಡೇಲಿ ಒಂದು ಪಟ್ಟಿ ನಿಮ್ಮ ಭಾಮೈದನೇ ಎಳೆದಿದ್ದು. ಯಾವುದು ಅಂತ ನಿಮಗೂ ಗೊತ್ತಾಗಲ್ಲ."

ಪೇಂಟರ್ ಹಣೆ ಹಣೆ ಚಚ್ಚಿಕೊಂಡ. ಮೇಸ್ತ್ರಿ ದೀಪ ಎತ್ತಿಕೊಂಡು ಕೊನೆಯ ಗೋಡೆಯನ್ನು ಇನ್ನೊಮ್ಮೆ, ಮತ್ತೂ ಒಮ್ಮೆ ನೋಡಿದ. ಗೊತ್ತಾಗಲಿಲ್ಲ. ಅವನ ಮುಖದಲ್ಲಿ ಬಹಳ ದಿನಗಳ ಒಂದು ಚಿಂತೆ ಮೆಲ್ಲನೆ ಕರಗಿತು.

"ಇವನಿಗೊಂದು ಸರಿಯಾದ ಕೆಲಸ ಕೊಡಿ ಅಂತ ನಮ್ಮ ಮನೇಲಿ ಮೂರು ಹೊತ್ತೂ ಅದೇ ಮಾತು," ಎಂದ ಮೇಸ್ತ್ರಿ. "ಬಕೆಟ್ಟು ಎತ್ತೋಕಾಗದವನಿಗೆ ಏನು ಕೊಡ್ಲಿ ಅಂತ ತಲೆ ಕೆಟ್ಟುಹೋಗಿತ್ತು. ನೀನು ದೇವರ ಹಾಗೆ ಹೇಳಿದೆ. ನಾಳೆಯಿಂದ ಪೆಟ್ಟಿಗೆ ಅವನೇ ಎಳೀಲಿ."

"ಪಾಸಾದ್ರೆ ಕೆಲಸ ನಂದು ಅಂದಿದ್ರಿ ಸಾರ್."

"ಪಾಸಾಗಿದ್ದು ನೀನಾ, ಸ್ಪ್ರಿಂಗಾ? ನೀನೇ ಈಗ ಹೇಳಿದ್ಯಲ್ಲ. ಶಕ್ತಿ ಬೇಡದ ಕೆಲಸಕ್ಕೆ ನಿನ್ನಂಥ ಆಳನ್ನ ಹಾಕಿದ್ರೆ ನೋಡಿದವರು ನಗ್ತಾರೆ."

ಕ್ರೇನಣ್ಣ ತನ್ನ ಕಟ್ಟಿದ ಕೈಯನ್ನು ಆದಷ್ಟೂ ಮುಂದೆ ಚಾಚಿ ತೋರಿಸಿ, "ನನ್ನ ಭುಜ ಸಾರ್," ಎಂದ.

"ಮರೆತಿಲ್ಲಪ್ಪ. ಬಲಭುಜ ತಾನೇ? ಅದಕ್ಕೆ ಪೂರ್ತಿ ವಿಶ್ರಾಂತಿ ಕೊಡು," ಎಂದು ಮೇಸ್ತ್ರಿ ಅಕ್ಕರೆಯಿಂದ ಅವನ ಎಡಭುಜದ ಮೇಲೆ ಕೈಯಿಟ್ಟು ಅದುಮಿದ. "ಶೀಟನ್ನ ಈ ಕಡೆ ಹೊತ್ಕೋ. ಇವತ್ತು ನೋಡಿದ್ನಲ್ಲ, ಈ ಕೈ ಎಷ್ಟು ಗಟ್ಟಿ ಅಂತ."

ಮೇಸ್ತ್ರಿ ಅದುಮಿದ ಜಾಗದಿಂದ ಮೊಣಕೈವರೆಗೆ ನೋವು ಸುಳಿದು ಕ್ರೇನಣ್ಣನ ಕಣ್ಣಲ್ಲಿ ನೀರು ಬಂತು. ಅವನು ಹುಟ್ಟಿದಾಗಿನಿಂದ ಯಾವ ಭುಜವೂ ಹೀಗೆ ನೊಂದಿರಲಿಲ್ಲ. ಆದರೆ ಅದನ್ನು ಈಗ ಯಾವ ಬಾಯಲ್ಲಿ ಹೇಳುವುದು? ಅವನ ಕಣ್ಣೀರನ್ನು ಕಂಡು ಪೇಂಟರ್, "ಪಾಪ, ಬಲಗೈ ಇನ್ನೂ ಬಿಗಿಯಾಗಿ ಕಟ್ಟಬೇಕಿತ್ತು," ಎಂದ.

ಮನೆಯಲ್ಲಿ ಹೆಂಡತಿ ಅಡುಗೆಮನೆಯ ಕತ್ತರಿಯಿಂದ ಪ್ಲಾಸ್ಟಿಕ್ ಪಟ್ಟಿಗಳನ್ನು ಕತ್ತರಿಸಿದಳು. ಎಲ್ಲವನ್ನೂ ಕೇಳಿ, ಎಣ್ಣೆ ಬಿಸಿಮಾಡಿ ತಂದು ಎಡಭುಜಕ್ಕೆ ಹಚ್ಚಿದಳು. ನೋವಿನ ಉರಿಗೆ ಅವನಿಗೆ ನಿದ್ದೆ ಹತ್ತಿರವೂ ಸುಳಿಯಲಿಲ್ಲ. ಮಗಳು ಎಂದಿನಂತೆ ಮಡಿಲಿಗೆ ಬಂದು ಕತೆ ಕೇಳಿದಳು.

ಇದೊಂದಾದರೂ ದಕ್ಕಿತಲ್ಲ ಎಂದು ಕ್ರೇನಣ್ಣ ಸರಿಯಾಗಿ ಕುಳಿತುಕೊಂಡ. "ಒಂದೂರಲ್ಲಿ ಒಬ್ಬ ರಾಜ ಇದ್ದ. ಒಂದು ದಿನ ಆ ರಾಜ ಕುದುರೆ ಹತ್ತಿ ಕಾಡಿಗೆ ಹೊರಟ," ಎಂದು ಮೊದಲ ಬಾರಿಗೆ ಎರಡನೆಯ ವಾಕ್ಯಕ್ಕೆ ಕಾಲಿಟ್ಟು, ಮಗಳ ಮುಖ ನೋಡಿದ.

ಅವಳು ಆಗಲೇ ನಿದ್ದೆ ಹೋಗಿದ್ದಳು. ಅವಳ ಪಾಲಿಗೆ ಕತೆ ಯಾವಾಗಲೂ ಅಷ್ಟೇ ಉದ್ದವಿತ್ತು.