ಗುಮಾಸ್ತರ ಮೂರು ಚಾಕು

ಮೂರನೆಯ ಟೊಮೆಟೊ ಸಿಡಿದು ಅಂಗಿಗೆ ಹಾರಿದಾಗ ಗುಮಾಸ್ತರು ಚಾಕುವನ್ನು ಕೆಳಗಿಟ್ಟರು. ಹೆಸರಿಗಷ್ಟೇ ಅದು ಚಾಕು. ಈರುಳ್ಳಿಯ ಮೇಲಿಟ್ಟರೆ ಸಾಲ ಕೇಳಿಸಿಕೊಂಡ ನೆಂಟನ ಹಾಗೆ ಪಕ್ಕಕ್ಕೆ ಜಾರುತ್ತಿತ್ತು. ಟೊಮೆಟೊ ಮೇಲಿಟ್ಟರೆ ಮೊಂಡು ಎತ್ತಿನ ಹಾಗೆ ಕೂತುಬಿಡುತ್ತಿತ್ತು. ಸಾಣೆ ಹಿಡಿಸಿ ಹಿಡಿಸಿ ಸವೆದು, ಈಗ ಇನ್ನೊಂದು ಸಾಣೆಗೂ ಜಾಗವಿರಲಿಲ್ಲ.

ಹೆಂಡತಿ ಅಡುಗೆಮನೆ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದರು. ಮೆಟ್ಟಿಲಲ್ಲಿ ಜಾರಿ ಬಿದ್ದು ಬಲಗೈಗೆ ಪ್ಲಾಸ್ಟರ್ ಬಿದ್ದು ಎಂಟು ದಿನ. ಆ ಎಂಟು ದಿನವೂ ಗುಮಾಸ್ತರು ಆಫೀಸಿಗೆ ತಡ.

"ನಿಮ್ಮ ತಪ್ಪಲ್ಲ ಬಿಡ್ರೀ" ಎಂದರು ಹೆಂಡತಿ. "ನಾನು ಬೈದು ಬೈದು ಅದರ ಕೈಲಿ ಕೆಲಸ ಮಾಡಿಸ್ತಿದ್ದೆ. ನಿಮ್ಮ ಮಾತು ಕೇಳಲ್ಲ ಅದು. ಇವತ್ತು ಹೊಸದು ತಂದ್ಬಿಡಿ. ಹೆಚ್ಚೋಕೆ ಒಂದು ದೊಡ್ಡದು, ಸಿಪ್ಪೆ ತೆಗೆಯೋಕೆ ಒಂದು ಸಣ್ಣದು, ಬ್ರೆಡ್ಡಿಗೆ ಹಲ್ಲಿರೋದೊಂದು. ಮೂರು ಸಾಕು. ದುಬಾರಿ ಬೇಡ."

ವಿಚಾರಿಸಲು ಬಂದ ಮೇಲಿನ ಮನೆಯ ಅತ್ತಿಗೆ ಅಷ್ಟಕ್ಕೆ ಬಿಡಲಿಲ್ಲ. "ತಗೊಂಡ್ರೆ ಹನ್ನೆರಡರ ಸೆಟ್ಟೇ ತಗೋಬೇಕು, ಮರದ ಸ್ಟ್ಯಾಂಡ್ ಸಮೇತ. ನಮ್ಮನೇಲಿ ಇಲ್ವಾ?"

"ಹನ್ನೆರಡೂ ಬಳಸ್ತೀರಾ ಅತ್ತಿಗೆ?" ಎಂದರು ಗುಮಾಸ್ತರು.

"ಒಂದು ಬಳಸ್ತೀನಿ. ಹನ್ನೊಂದು ಮರ್ಯಾದೆಗೆ."

ಗುಮಾಸ್ತರು ಆಫೀಸು ಮುಟ್ಟಿದಾಗ ಹತ್ತೂ ಮುಕ್ಕಾಲು. ಸಾಹೇಬರು ಹಾಜರಿ ಪುಸ್ತಕದ ಪಕ್ಕದಲ್ಲೇ ನಿಂತಿದ್ದರು. ಹೆಂಡತಿಯ ಕೈ ನೆಟ್ಟಗಾಗುವವರೆಗೆ ಮೂರು ವಾರ ರಜೆ ಕೊಡಿ ಎಂದು ಗುಮಾಸ್ತರು ಕೇಳಿದರು. ಇಡೀ ಸೆಕ್ಷನ್ನಿನ ಎದುರಿಗೆ ಸಾಹೇಬರು ಗದರಿದರು: "ರಜೆ ಇಲ್ಲ, ಗಿಜೆ ಇಲ್ಲ. ದಿನಾ ಇದೇ ಆಯ್ತು ನಿಮ್ದು."

ಇಪ್ಪತ್ತಾರು ವರ್ಷದ ನೌಕರಿಯಲ್ಲಿ ಯಾರಿಗೂ ಎದುರಾಡದ ಗುಮಾಸ್ತರು ತಲೆ ತಗ್ಗಿಸಿ, ಮೆಲ್ಲಗೆ, ಆದರೆ ದೃಢವಾಗಿ ಹೇಳಿದರು: "ಆಯ್ತು ಸಾರ್. ಇವತ್ತೇ ಇದಕ್ಕೊಂದು ಕೊನೆ ಕಾಣಿಸ್ತೀನಿ."

ತಡವಾಗುವುದಕ್ಕೆ ಕೊನೆ ಎಂದು ಅವರ ಮನಸ್ಸಿನಲ್ಲಿತ್ತು. ಅದನ್ನು ಬಾಯಿಬಿಟ್ಟು ಹೇಳಲಿಲ್ಲ, ಅಷ್ಟೆ.

ಊಟದ ಬಿಡುವಿನಲ್ಲಿ ಎದುರು ರಸ್ತೆಯ ಪಾತ್ರೆ ಅಂಗಡಿಗೆ ಹೋದರು. ಕಡತ ನೋಡುವಷ್ಟೇ ಶ್ರದ್ಧೆಯಿಂದ ಚಾಕು ನೋಡಿದರು. ಬಣ್ಣಬಣ್ಣದ್ದು ನೋಡಲು ಚಂದ, ಒತ್ತಿದರೆ ಬಾಗುತ್ತಿತ್ತು. ಪೆಟ್ಟಿಗೆಯಲ್ಲಿ ಮಲಗಿದ್ದ ದುಬಾರಿ ಸೆಟ್ಟನ್ನು ಮುಟ್ಟಲೇ ಭಯವಾಯಿತು. ಕೊನೆಗೆ ಅಂಗಡಿಯವರು ಮೂಲೆಯಿಂದ ಮೂರರ ಸೆಟ್ಟೊಂದನ್ನು ತೆಗೆದರು.

"ಇದರ ಅಲಗು ಹಿಡಿಯೊಳಗೆ ತುದಿವರೆಗೂ ಹೋಗಿದೆ, ನೋಡಿ ಸಾರ್. ಮೂರು ಮೊಳೆ ಹೊಡೆದಿದೆ, ಅಲ್ಲಾಡಲ್ಲ. ದಿನಾ ಅಡುಗೆಗೆ ಇಷ್ಟಿದ್ರೆ ಸಾಕು."

ಗುಮಾಸ್ತರು ದೊಡ್ಡದನ್ನು ಹಿಡಿದು ತೂಗಿದರು. ಹಿಡಿ ಹಳೆಯ ಗೆಳೆಯನ ಕೈಯ ಹಾಗೆ ಅಂಗೈಯಲ್ಲಿ ಕೂತಿತು. ಎಂಟು ದಿನದಲ್ಲಿ ಮೊದಲ ಸಲ ಅವರ ಮುಖದಲ್ಲಿ ನಗು ಬಂತು.

ಅದೇ ನಗು ಹೊತ್ತು ಆಫೀಸಿಗೆ ಮರಳಿದ್ದು ತಪ್ಪಾಯಿತು.

ಗೇಟಿನ ಕಾವಲುಗಾರ ಚೀಲ ಬಿಚ್ಚಿಸಿದ. ಒಳಗೆ ನೋಡಿದ, ಗುಮಾಸ್ತರ ನಗುಮುಖ ನೋಡಿದ, ಎರಡು ಹೆಜ್ಜೆ ಹಿಂದೆ ಸರಿದ. "ಇದೇನ್ ಸಾರ್?"

"ಚಾಕು ಕಣಪ್ಪ. ಬಹಳ ಹರಿತ" ಎಂದರು ಗುಮಾಸ್ತರು ಹೆಮ್ಮೆಯಿಂದ.

ಅವರು ಮೆಟ್ಟಿಲು ಹತ್ತುವಷ್ಟರಲ್ಲಿ ಸುದ್ದಿ ಮಹಡಿ ಮುಟ್ಟಿತ್ತು. ಟೈಪಿಸ್ಟಮ್ಮ ಎದ್ದು ನಿಂತು ನಮಸ್ಕಾರ ಮಾಡಿದರು. ಹನ್ನೊಂದು ವರ್ಷದಿಂದ ಗುಮಾಸ್ತರ ಸ್ಟೇಪ್ಲರ್ ಇಟ್ಟುಕೊಂಡಿದ್ದ ಕ್ಯಾಷಿಯರ್ ಅದನ್ನು ತಂದು ಮೇಜಿನ ಮೇಲಿಟ್ಟು ಹೋದ. ಸಾಹೇಬರಿಂದ ಕರೆ ಬಂತು.

ಸಾಹೇಬರು ಮೇಜಿನ ಆಚೆ ಗೋಡೆಗೆ ಅಂಟಿ ಕೂತಿದ್ದರು. "ಕೂತ್ಕೊಳ್ಳಿ. ಟೀ ತಗೊಳ್ಳಿ. ನಾನು ಬೆಳಿಗ್ಗೆ ಸ್ವಲ್ಪ ಜೋರಾಗಿ ಮಾತಾಡಿದೆ ಅನ್ಸತ್ತೆ. ನನಗೂ ಇಬ್ಬರು ಮಕ್ಕಳಿದ್ದಾರೆ."

"ಸಂತೋಷ ಸಾರ್."

"ಆ ಚಾಕು…"

"ಈರುಳ್ಳಿಗೆ ಸಾರ್."

"ಹೌದೌದು, ಈರುಳ್ಳಿಗೇ" ಎಂದರು ಸಾಹೇಬರು, ಜ್ವರ ಬಂದವರನ್ನು ಸಮಾಧಾನಿಸುವ ದನಿಯಲ್ಲಿ. "ಮೂರು ವಾರ ಯಾಕೆ, ಒಂದು ತಿಂಗಳು ರಜೆ ತಗೊಳ್ಳಿ. ಈಗಲೇ ಹೊರಡಿ. ಚಾಕು ಮಾತ್ರ ನನ್ನ ಹತ್ರ ಇರಲಿ. ಮನಸ್ಸು ತಿಳಿಯಾದ ಮೇಲೆ ಕೊಡ್ತೀನಿ."

ಗುಮಾಸ್ತರು ಮೂರು ಸಲ ಬಾಯಿ ತೆರೆದರು. ಮೂರು ಸಲವೂ ಸಾಹೇಬರು ಟೀ ಲೋಟವನ್ನು ಹತ್ತಿರ ತಳ್ಳಿದರು.

ಹೀಗೆ ಗುಮಾಸ್ತರು ರಜೆಯೊಂದಿಗೆ, ಚಾಕುವಿಲ್ಲದೆ ಮನೆಗೆ ಬಂದರು. ನಡೆದದ್ದನ್ನೆಲ್ಲ ಕೇಳಿದ ಹೆಂಡತಿ ನಗಲಿಲ್ಲ. ಗಂಡನನ್ನು ಕೊಲೆಗಡುಕ ಎಂದುಕೊಂಡರಲ್ಲ ಎಂದು ಅವರ ಕಣ್ಣು ಒದ್ದೆಯಾಯಿತು. "ಇರುವೆ ಕಂಡ್ರೂ ದಾಟಿ ನಡೀತೀರಿ ನೀವು. ಫೋನ್ ಮಾಡಿ ನೆಟ್ಟಗೆ ಹೇಳಿ, ನಮ್ಮ ಚಾಕು ನಮಗೆ ಕೊಡಿ ಅಂತ."

ಸಂಜೆ ಗುಮಾಸ್ತರು ಫೋನಿಗೆ ಕೈ ಹಾಕುವ ಮೊದಲೇ ಅದು ಬಡಿದುಕೊಂಡಿತು. ಸಾಹೇಬರೇ!

"ಮನಸ್ಸು ಹೇಗಿದೆ ಈಗ? ಒಂದು ಮಾತು, ತಪ್ಪು ತಿಳೀಬೇಡಿ. ಆಫೀಸಿನ ಬೀರುವಿಗೆ ಬೀಗ ಸರಿಯಿಲ್ಲ ಅಂತ ನಿಮ್ಮ ಸೆಟ್ಟನ್ನ ಮನೆಗೆ ತಂದೆ. ನಮ್ಮ ಮನೆಯವರು ಟೊಮೆಟೊ ಹೆಚ್ಚಿ ನೋಡಿದ್ರು. ಕಾಗದ ಕಾಗದದ ಹಾಗೆ ಬರ್ತಿದೆಯಂತೆ! ಇನ್ನು ವಾಪಸ್ ಕೊಡಲ್ಲ ಅಂತಿದ್ದಾರೆ. ಒಳ್ಳೆ ಆಯ್ಕೆ ನಿಮ್ದು."

ಗುಮಾಸ್ತರು ಗಂಟಲು ಸರಿಮಾಡಿಕೊಂಡರು. ಹೆಂಡತಿ ಪ್ಲಾಸ್ಟರ್ ಕೈಯಲ್ಲೇ ತಿವಿದು ಧೈರ್ಯ ಕೊಟ್ಟರು.

"ಸಾರ್, ನನಗೆ ಚಾಕು ಬೇಕು. ಇವತ್ತೇ ಬೇಕು. ನಾನೇ ನಿಮ್ಮ ಮನೆಗೆ ಬರ್ತೀನಿ."

ಆ ಕಡೆಯಿಂದ ಯಾವುದೋ ಬಾಗಿಲಿಗೆ ಚಿಲಕ ಹಾಕಿದ ಸಪ್ಪಳ ಕೇಳಿಸಿತು.

"ರಜೆ ಎರಡು ತಿಂಗಳು ಮಾಡ್ತೀನಿ" ಎಂದರು ಸಾಹೇಬರು. "ಅಲ್ಲ, ಮೂರು. ಬರಬೇಡಿ. ದಯವಿಟ್ಟು."

ಫೋನ್ ಕಟ್ಟಾಯಿತು.

"ಏನಂದ್ರು?" ಹೆಂಡತಿ ಕೇಳಿದರು.

"ಮೂರು ತಿಂಗಳು ರಜೆಯಂತೆ."

ಹೆಂಡತಿ ಕುರ್ಚಿಗೆ ನೆಮ್ಮದಿಯಿಂದ ಒರಗಿ ಹೇಳಿದರು:

"ಹಾಗಾದ್ರೆ ಕೈ ಸರಿಹೋದ ಮೇಲೂ ಅಡುಗೆ ನಿಮ್ದೇ ಬಿಡಿ."